ಕಾಂಗ್ರೆಸ್ ಗಿಡಕ್ಕೆ ತಂದ ಬೂಷ್ಟು

೨೯ ಮೇ ೨೦೦೩
ಮಳೆ ೪೦ ಸೆಂಟ್ಸ್.

ಎಸ್ಟೇಟಿನಲ್ಲಿ ಮೂವತ್ತೊಂದು ವರ್ಷ ರೈಟರ್ ಆಗಿದ್ದಾಗ ದಿನವೂ ಮಳೆ ಬರೆದಿಟ್ಟೆ, ಇಂಚಿಗೆ ನೂರು ಸೆಂಟ್ಸ್ ಲೆಕ್ಕದಲ್ಲಿ; ಆಳುಗಳ ಹಾಜರಿ ಬರೆದಿಟ್ಟೆ. ಈಗ ನನ್ನ ಸ್ವಂತ ತೋಟದಲ್ಲಿ ಹಾಜರಿ ಬರೆಯಲು ಉಳಿದಿರುವುದು ಆ ಎಸ್ಟೇಟಿನಲ್ಲೇ ಆಳಾಗಿದ್ದ ದ್ಯಾವಯ್ಯ ಒಬ್ಬನೇ. ಹೀಗಾಗಿ ಈ ಪುಸ್ತಕದಲ್ಲಿ ಬೇರೆ ಸಂಗತಿಗಳಿಗೂ ಜಾಗವಿದೆ.

ಇಂದು ಹನ್ನೊಂದು ಗಂಟೆಗೆ ಬೋರ್ಡ್ ಇಲ್ಲದ ಜೀಪೊಂದು ಬಂತು. ಇಳಿದವಳು ಮಾನಸ ಎಂಬ ಹುಡುಗಿ. ವಯಸ್ಸು ಇಪ್ಪತ್ತೇಳೋ ಎಂಟೋ. ಕಳೆಗಳ ಬಗ್ಗೆ ಸಂಶೋಧನೆ ಮಾಡುವವಳಂತೆ. ನಮ್ಮ ಹೊಸ ತೋಟದಲ್ಲಿ ಮೊಣಕಾಲೆತ್ತರ ಎದ್ದಿರುವ ಕಾಂಗ್ರೆಸ್ ಗಿಡ ನೋಡಿ ಅವಳ ಮುಖ ಅರಳಿತು. ಕಳೆ ನೋಡಿ ಖುಷಿಪಡುವವರನ್ನು ನಾನು ಇದೇ ಮೊದಲು ಕಂಡದ್ದು.

"ಸರ್, ಈ ಗಿಡಕ್ಕೆ ರೋಗ ತರೋ ಒಂದು ಶಿಲೀಂಧ್ರ ಇದೆ. ನಮ್ಮ ನೆಲದ್ದೇ, ಒಣಗ್ತಾ ಇದ್ದ ಕಾಂಗ್ರೆಸ್ ಗಿಡದ ಮೇಲೆ ಸಿಕ್ಕಿದ್ದು. ಅದನ್ನ ಬೆಳೆಸಿ ನೀರಲ್ಲಿ ಕಲಸಿ ಹೊಡೀತೀವಿ. ಕಳೆ ಸಾಯುತ್ತೆ. ಕಾಫಿಗೆ ಏನೂ ಆಗಲ್ಲ."

ಶಿಲೀಂಧ್ರ ಎಂದರೆ ಬೂಷ್ಟು. ಕಾಫಿ ಎಲೆಯ ತುಕ್ಕು ರೋಗ ಬೂಷ್ಟು. ಕೊಳೆ ರೋಗವೂ ಬೂಷ್ಟು. ವರ್ಷಕ್ಕೆ ಎರಡು ಸಲ ನಾವು ಮೈಲುತುತ್ತ ಸುಣ್ಣ ಕಲಸಿ ಬೋರ್ಡೋ ದ್ರಾವಣ ಹೊಡೆಯುವುದೇ ಬೂಷ್ಟು ಸಾಯಲಿ ಎಂದು. ಇವಳು ಅದನ್ನೇ ಬಾಟಲಿಯಲ್ಲಿ ತುಂಬಿ ತರುತ್ತಾಳಂತೆ. ನಮ್ಮಿಂದ ಏನೂ ಬೇಡವಂತೆ. ಏನೂ ಬೇಡ ಎಂದವರು ಏನು ಬಯಸುತ್ತಾರೆ ಎಂಬುದನ್ನು ತಿಳಿಯಬೇಕು.

ಯೋಚಿಸಿ ಹೇಳುತ್ತೇನೆ ಎಂದೆ. ಜೀಪಿನ ನಂಬರ್ ಬರೆದುಕೊಂಡೆ.

೨ ಜೂನ್
ಮಳೆ ಇಲ್ಲ. ಮೋಡ.

ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಹೊಸ ತೋಟ ಅರ್ಧ ಎಕರೆ, ಮೊದಲು ರಾಗಿ ಹೊಲವಾಗಿತ್ತು. ಎರಡು ವರ್ಷದ ಕಾಫಿ ಗಿಡ ೩೧೦. ನೆರಳು ಮರ ಇನ್ನೂ ಎದ್ದಿಲ್ಲ, ಬಿಸಿಲು ಬೀಳುತ್ತದೆ. ಬಯಲಿನಿಂದ ತರಿಸಿದ ಗೊಬ್ಬರದ ಜೊತೆ ಕಾಂಗ್ರೆಸ್ ಗಿಡದ ಬೀಜ ಬಂತು. ಹೋದ ವರ್ಷ ಕಳೆನಾಶಕ ಹೊಡೆಸಿದೆ. ಗಾಳಿಗೆ ಹಾರಿ ೪೨ ಕಾಫಿ ಗಿಡ ಸುಟ್ಟಿತು. ಆಮೇಲೆ ನನ್ನ ಹೆಂಡತಿ ಚಿನ್ನಮ್ಮ ಕೈಯಲ್ಲಿ ಕೀಳಲು ಹೋದಳು. ಮೊಣಕೈವರೆಗೆ ತುರಿಕೆ ಎದ್ದು, ಬಿರಿದು, ಉಸಿರು ಕಟ್ಟುವಷ್ಟಾಯಿತು. ಆ ಗಿಡದ ಹತ್ತಿರವೂ ಹೋಗಕೂಡದು ಎಂದು ಸಕಲೇಶಪುರದ ಡಾಕ್ಟರು ಹೇಳಿದ್ದಾರೆ. ನನಗೆ ಅರವತ್ತೊಂದು. ಈ ತೋಟ ಹೋದರೆ ಮತ್ತೆ ನೆಟ್ಟು ಅದರಲ್ಲಿ ಹಣ್ಣು ಕಾಣುವ ವಯಸ್ಸಲ್ಲ.

ಹುಡುಗಿ ಕಾಗದ ಕಳಿಸಿದ್ದಾಳೆ. ಮೂರು ಸಲ ಓದಿದೆ. ಜಮೀನು ಬರೆಸಿಕೊಳ್ಳುವ ಮಾತು ಎಲ್ಲೂ ಇಲ್ಲ. ಷರತ್ತು ಒಂದೇ: ಆ ಅರ್ಧ ಎಕರೆಗೆ ಅಕ್ಟೋಬರ್ ಮುಗಿಯುವವರೆಗೆ ಬೋರ್ಡೋ ಹೊಡೆಯುವಂತಿಲ್ಲ. ಹೊಡೆದರೆ ಅವಳ ಬೂಷ್ಟು ಸಾಯುತ್ತದೆ. ಅಂದರೆ ನಾನು ಕಾವಲುಗಾರನನ್ನು ಮನೆಗೆ ಕಳಿಸಿ ಕಳ್ಳನಿಗೆ ಬಾಗಿಲು ತೆಗೆಯಬೇಕು.

ಚಿನ್ನಮ್ಮ ಎರಡೂ ಕೈ ನನ್ನ ಮುಂದೆ ಚಾಚಿದಳು. "ಸೈನ್ ಹಾಕ್ರೀ. ಇದರಷ್ಟು ಹಾಳು ಇನ್ನೇನಾದಾತು?"

ಸೈನ್ ಹಾಕಿದೆ. ನಕಲು ಇಟ್ಟುಕೊಂಡಿದ್ದೇನೆ.

೧೧ ಜೂನ್
ಮಳೆ ೧ ಇಂಚು ೧೫ ಸೆಂಟ್ಸ್.

ಸಂಜೆ ಆರಕ್ಕೆ ಬಂದಳು. ಬೆಳಿಗ್ಗೆ ಯಾಕೆ ಬರಬಾರದು ಎಂದು ಕೇಳಿದೆ. ಬಿಸಿಲಿಗೆ ಬೀಜಕಣ ಒಣಗಿ ಸಾಯುತ್ತದಂತೆ. ರಾತ್ರಿಯ ಇಬ್ಬನಿಯಲ್ಲಿ ಮೊಳೆತು ಎಲೆಯೊಳಗೆ ಇಳಿಯಬೇಕಂತೆ. ಉತ್ತರ ಸರಿಯಾಗಿಯೇ ಇದೆ. ಆದರೂ ಕತ್ತಲಾಗುವ ಹೊತ್ತಿಗೆ ಮಾಡುವ ಕೆಲಸ ನನಗೆ ಹಿಡಿಸುವುದಿಲ್ಲ.

ಐಸ್ ಪೆಟ್ಟಿಗೆಯಲ್ಲಿ ಆರು ಬಾಟಲಿ. ಒಳಗೆ ಗಂಜಿಯಂಥ ಬೂದು ನೀರು. ದ್ಯಾವಯ್ಯ ಮೂಸಿ ನೋಡಿ, "ಹಳೇ ಅಕ್ಕಿ ಮೂಟೆ ವಾಸ್ನೆ ಕಣ್ರೀ ರೈಟ್ರೇ" ಎಂದ. ಹೊಸ ಪಂಪು ಅವಳೇ ತಂದಿದ್ದಳು. ನಮ್ಮ ಪಂಪಿನಲ್ಲಿ ಬೋರ್ಡೋ ಅಂಟಿರುತ್ತದೆ, ಮುಟ್ಟಬೇಡಿ ಎಂದಳು. ಹೊಡೆದವನು ದ್ಯಾವಯ್ಯ. ಪ್ಲಾಟು ಕಾಯುವ ಕೆಲಸಕ್ಕೂ ಅವನನ್ನೇ ನೇಮಿಸಿದಳು. ದನ ಬಿಡಬಾರದು, ಯಾರೂ ಏನೂ ಹೊಡೆಯಬಾರದು.

ಜೊತೆಗೆ ಕುಂಡದಲ್ಲಿ ಹನ್ನೆರಡು ಕಾಫಿ ಸಸಿ. ಅದೇ ನೀರನ್ನು ಅವುಗಳ ಮೇಲೂ ಹೊಡೆಸಿದಳು. "ಇವನ್ನ ನಿಮ್ಮ ಜಗಲಿ ಮೇಲೆ ಇಟ್ಕೊಳ್ಳಿ ಸರ್. ದಿನಾ ನೋಡಿ. ಒಂದು ಚುಕ್ಕೆ ಬಂದ್ರೂ ನಂಗೆ ಹೇಳಿ."

ಅವಳು ಹೋದ ಮೇಲೆ ಮೂರು ಸಸಿಗಳ ಬುಡಕ್ಕೆ ಮಣ್ಣಿನೊಳಗೆ ದಾರ ಕಟ್ಟಿದೆ. ಯಾರಾದರೂ ಸಸಿ ಬದಲಾಯಿಸಿದರೆ ಗೊತ್ತಾಗಬೇಕು.

೧೯ ಜೂನ್
ಮಳೆ ೭೫ ಸೆಂಟ್ಸ್.

ರಸ್ತೆಯಾಚೆಗಿನ ತೋಟದ ಗುಂಡಯ್ಯ ಬೇಲಿಯ ಆಚೆಯಿಂದಲೇ ಶುರು ಮಾಡಿದ. "ಏನ್ ಮಾರಾಯ, ಬೂಷ್ಟು ಸಾಕ್ತಾ ಇದ್ದೀಯಂತೆ? ಹಾಲು ಕರೀತದಾ?"

"ಕಳೆಗೆ ಹೊಡೆಸಿದ್ದು."

"ಕಳೆ ತಿಂದು ಹೊಟ್ಟೆ ತುಂಬ್ನಿಲ್ಲ ಅಂದ್ರೆ ನನ್ ಕಾಫೀಗ್ ಬರ್ತದೆ. ಬಂದ್ರೆ ನಾನು ಸುಮ್ಕಿರಲ್ಲ, ಈಗ್ಲೇ ಹೇಳ್ಬುಟ್ಟೆ."

ಗುಂಡಯ್ಯನಿಗೆ ಇದರಲ್ಲಿ ಏನು ಲಾಭ ಎಂದು ಯೋಚಿಸುತ್ತಿದ್ದೇನೆ. ಎರಡು ವರ್ಷದ ಹಿಂದೆ ಈ ಜಾಗವನ್ನು ಅವನೂ ಕೇಳಿದ್ದ.

೨೬ ಜೂನ್
ಮಳೆ ೨ ಇಂಚು ೫ ಸೆಂಟ್ಸ್.

ಕಾಂಗ್ರೆಸ್ ಗಿಡದ ಎಲೆಯಲ್ಲಿ ಕಂದು ಚುಕ್ಕೆ. ಮೇಲಿನ ಸಾಲಿನಲ್ಲಿ ನೂರು ಗಿಡ ಎಣಿಸಿದೆ, ೩೭ಕ್ಕೆ ಬಂದಿದೆ. ಜಗಲಿಯ ಹನ್ನೆರಡು ಕಾಫಿ ಸಸಿಗೆ ಏನೂ ಇಲ್ಲ. ದಾರ ಇದ್ದಲ್ಲೇ ಇದೆ.

ಮಾನಸ ಬಂದು ಕುಂಡದ ಮಣ್ಣು ಕೆದಕಿ ನಕ್ಕಳು. "ದಾರ ನೀವು ಕಟ್ಟಿದ್ದಾ ಸರ್? ಒಳ್ಳೇದಾಯ್ತು. ನಾನೂ ಕುಂಡದ ತಳಕ್ಕೆ ಗುರುತು ಹಾಕಿದ್ದೆ, ನೀವು ಬದಲಾಯಿಸ್ಬಾರ್ದು ಅಂತ."

ನನಗೆ ನಗು ಬರಲಿಲ್ಲ. ಕೆಲಸ ಬಲ್ಲವಳು ಎಂದು ಮಾತ್ರ ಅನ್ನಿಸಿತು. ಹೋಗುವಾಗ ಒಂದು ಮಸೂರ ಕೊಟ್ಟಳು, ಹೆಬ್ಬೆರಳಿನಷ್ಟು. ಚುಕ್ಕೆ ನೋಡಲು.

೯ ಜುಲೈ
ಮಳೆ ೩ ಇಂಚು ೧೦ ಸೆಂಟ್ಸ್.

ನೂರಕ್ಕೆ ೭೧.

೧೮ ಜುಲೈ
ಮಳೆ ೫ ಸೆಂಟ್ಸ್ ಮಾತ್ರ.

ನಾಲ್ಕು ದಿನದಿಂದ ಬಿಸಿಲು. ಹೀಗಾದರೆ ಅದು ಹರಡುವುದಿಲ್ಲ, ತೇವ ಬೇಕು. ಬೆಳಿಗ್ಗೆ ಆರಕ್ಕೆ ಹೋಗಿ ಎಲೆ ಮುಟ್ಟಿ ನೋಡಿದೆ, ಇಬ್ಬನಿ ಸಾಕಷ್ಟಿದೆ. ಆದರೂ ಸಾಲದು ಅನ್ನಿಸುತ್ತದೆ. ಇಂದು ಎರಡನೇ ಸಲ ಹೊಡೆಯಲು ಬರುವಾಗ ಮಾನಸ ತಡಮಾಡಿದಳು. ಜೀಪು ದೋಣಿಗಲ್ ಹತ್ತಿರ ಲಾರಿಗಳ ಸಾಲಿನಲ್ಲಿ ಸಿಕ್ಕಿತ್ತಂತೆ. ನಿಜವಿರಬಹುದು.

ಅವಳ ಯೋಜನೆ ಡಿಸೆಂಬರಿಗೆ ಮುಗಿಯುತ್ತದಂತೆ. ಕಾಫಿ ತೋಟದಲ್ಲಿ ಇರುವುದು ಇದೊಂದೇ ಪ್ಲಾಟು, ಉಳಿದವೆಲ್ಲ ಆಲೂರಿನ ಜೋಳದ ಹೊಲದಲ್ಲಿ. "ಇದು ಕೈಕೊಟ್ರೆ ಕಾಫಿ ಬಗ್ಗೆ ನಾನು ಒಂದ್ ಸಾಲೂ ಬರೆಯೋ ಹಾಗಿಲ್ಲ ಸರ್" ಎಂದಳು. ಇದನ್ನು ನನಗೆ ಯಾಕೆ ಹೇಳಿದಳೋ ತಿಳಿಯದು.

೧೨ ಆಗಸ್ಟ್
ಮಳೆ ಇಲ್ಲ. ಹೊಳವು, ಬಿಸಿಲು ಬಿದ್ದಿದೆ.

ಕಾಫಿ ಎಲೆಯಲ್ಲಿ ಹಳದಿ ಚುಕ್ಕೆ. ಎಲೆಯ ಅಡಿಗೆ ಕಿತ್ತಳೆ ಪುಡಿ. ಹೊಸ ತೋಟದಲ್ಲಿ, ಅವಳ ಪ್ಲಾಟಿನೊಳಗೆ. ೩೧೦ರಲ್ಲಿ ೪೪ ಗಿಡ.

ತುಕ್ಕು ರೋಗವನ್ನು ಕಂಡವನಿಗೆ ಅದು ತುಕ್ಕು ರೋಗದ ಹಾಗೆಯೇ ಕಾಣುತ್ತದೆ. ಆದರೆ ಎರಡು ವರ್ಷದ ಗಿಡಕ್ಕೆ ಇಷ್ಟು ಬೇಗ, ಇಷ್ಟೊಂದು ಬಂದದ್ದನ್ನು ನಾನು ನೋಡಿಲ್ಲ. ಬಣ್ಣವೂ ಒಂದು ಪಟ್ಟು ಗಾಢವಿರುವ ಹಾಗಿದೆ. ಬೂಷ್ಟು ಬೂಷ್ಟನ್ನು ಕರೆಯುವುದಿಲ್ಲ ಎಂದು ಯಾರು ಬಲ್ಲರು? ಜಗಲಿಯ ಸಸಿಗಳಿಗೆ ಏನೂ ಆಗಿಲ್ಲ ಎಂಬುದು ಸಾಕ್ಷಿಯಲ್ಲ. ಅವು ಮಾಡಿನ ಕೆಳಗಿವೆ.

ಸುತ್ತಲಿನ ಎಲ್ಲ ತೋಟಗಳಲ್ಲೂ ಈ ವಾರ ಬೋರ್ಡೋ ಹೊಡೆಯುತ್ತಿದ್ದಾರೆ. ಪಂಪಿನ ಸದ್ದು ಇಲ್ಲಿಗೆ ಕೇಳುತ್ತದೆ.

ಆಲೂರಿಗೆ ಹೋಗಿ ಎಸ್‌ಟಿಡಿ ಬೂತಿನಿಂದ ಮಾನಸಗೆ ಫೋನ್ ಮಾಡಿದೆ. ಯಾರೋ ಎತ್ತಿಕೊಂಡು, ಹೊರಗೆ ಹೋಗಿದ್ದಾರೆ, ಐದು ದಿನ ಬರುವುದಿಲ್ಲ ಎಂದರು. ಸರಿಯಾಗಿ ಈ ಐದು ದಿನವೇ.

೧೪ ಆಗಸ್ಟ್
ಮಳೆ ಇಲ್ಲ.

೫೮ ಗಿಡ.

೧೫ ಆಗಸ್ಟ್
ಮಳೆ ಇಲ್ಲ.

ದ್ಯಾವಯ್ಯನನ್ನು ಬೆಳಿಗ್ಗೆ ಸಾಮಾನು ತರಲು ಸಕಲೇಶಪುರಕ್ಕೆ ಕಳಿಸಿದೆ. ಮನೆಯಲ್ಲಿದ್ದ ಮೈಲುತುತ್ತ ಒಂದು ಕೆಜಿ, ಸುಣ್ಣ ಒಂದು ಕೆಜಿ, ನೀರು ನೂರು ಲೀಟರ್ ಕಲಸಿದೆ. ಕುಡುಗೋಲು ಅದ್ದಿ ನೋಡಿದೆ, ಕೆಂಪು ಹತ್ತಲಿಲ್ಲ, ಹದ ಸರಿಯಿತ್ತು. ನಮ್ಮ ಹಳೇ ಪಂಪಿನಲ್ಲಿ ಆರು ಸಲ ತುಂಬಿ ಪ್ಲಾಟಿಗೆಲ್ಲ ಹೊಡೆದೆ. ಕಾಫಿಗೂ ಹೊಡೆದೆ, ಕಳೆಗೂ ಹೊಡೆದೆ. ಕೆಳಗಿನ ಮೂಲೆಗೆ ಬರುವಷ್ಟರಲ್ಲಿ ಮುಗಿಯಿತು, ಸೊಂಟವೂ ಮುಗಿದಿತ್ತು. ದ್ಯಾವಯ್ಯ ಬರುವಷ್ಟರಲ್ಲಿ ಪಂಪು ತೊಳೆದಿಟ್ಟೆ.

ಗಿಡ ನನ್ನದು.

೧೬ ಆಗಸ್ಟ್
ಮಳೆ ೨ ಇಂಚು ೬೦ ಸೆಂಟ್ಸ್. ರಾತ್ರಿಯಿಡೀ.

೩೦ ಆಗಸ್ಟ್
ಮಳೆ ೨೦ ಸೆಂಟ್ಸ್.

ಮಾನಸ ಬಂದಿದ್ದಳು. ಕಾಂಗ್ರೆಸ್ ಗಿಡಗಳು ಮತ್ತೆ ಚಿಗುರಿ ಹೂ ಬಿಡುತ್ತಿವೆ. ಅವಳು ಮೊಣಕಾಲೂರಿ ಒಂದೊಂದೇ ಎಲೆ ತಿರುಗಿಸಿದಳು. ಕಾಫಿಯ ಹಳದಿ ಚುಕ್ಕೆ ತೋರಿಸಿದೆ.

"ಇದು ತುಕ್ಕು ಸರ್. ಬೋರ್ಡೋ ಹೊಡೀದಿದ್ರೆ ಬಂದೇ ಬರುತ್ತೆ. ಇದಕ್ಕೂ ನಂದಕ್ಕೂ ಸಂಬಂಧ ಇಲ್ಲ. ಆದ್ರೆ ನಂದು ಯಾಕೆ ಹೀಗೆ ಥಟ್ಟಂತ ನಿಂತೋಯ್ತು?"

ಎಲೆಗಳನ್ನು ಕವರಿಗೆ ಹಾಕಿಕೊಂಡು ಹೋದಳು.

೧೦ ಸೆಪ್ಟೆಂಬರ್
ಮಳೆ ೪೫ ಸೆಂಟ್ಸ್.

ಎಲೆಯಲ್ಲಿ ತಾಮ್ರ ಸಿಕ್ಕಿದೆಯಂತೆ. ಅಂದರೆ ಬೋರ್ಡೋ ಬಿದ್ದಿದೆ. ಜಗಲಿಯಲ್ಲಿ ಕೂತು ಅವಳು ಇದನ್ನು ಹೇಳುವಾಗ ಗುಂಡಯ್ಯನೂ ಬಂದಿದ್ದ.

"ನನ್ ತೋಟದ್ದು ಗಾಳೀಗ್ ಹಾರಿರ್ಬೇಕು ಅಂತ ನನ್ ಮೇಲ್ ಹಾಕ್ಬೇಡವ್ವ. ಮಧ್ಯ ಮೂವತ್ತಡಿ ರಸ್ತೆ ಐತೆ. ನಮ್ಮಲ್ ಹೊಡ್ದೋನೂ ಇದೇ ದ್ಯಾವಯ್ಯನೇ. ನಿನ್ ಹೊಸ ಪಂಪಲ್ಲೇ ಬೋರ್ಡೋ ತುಂಬಿದ್ನೋ ಏನೋ, ಕೇಳು."

ದ್ಯಾವಯ್ಯ ಅಂಗಳದಲ್ಲಿ ನಿಂತಿದ್ದ. "ಇಲ್ಲ ಕಣವ್ವ. ಗುಂಡಯ್ಯನೋರ ಮನೆ ಪಂಪೇ ತಕ್ಕಂಡಿದ್ದು. ನಿಮ್ದು ಗಡಿಗೆ ಪಕ್ಕ ಕವುಚಿ ಮಡ್ಗಿದ್ನಲ್ಲ."

"ಕಾಯೋ ಕೆಲ್ಸ ನಿಂಗ್ ಕೊಟ್ಟಿದ್ದು ದ್ಯಾವಯ್ಯ. ಯಾರಾದ್ರೂ ಬಂದು ಹೊಡ್ದಿದ್ರೆ ನಿಂಗ್ ಗೊತ್ತಾಗ್ಬೇಕಿತ್ತಲ್ವಾ?" ಎಂದಳು ಮಾನಸ.

ಅವನು ನನ್ನ ಕಡೆ ನೋಡಿದ. ಸಕಲೇಶಪುರಕ್ಕೆ ಹೋಗಿದ್ದ ದಿನವನ್ನು ನಾನು ಹೇಳುತ್ತೇನೆಂದು ಕಾದನೋ ಏನೋ. ನಾನು ಸುಳ್ಳು ಹೇಳಲಿಲ್ಲ. ಏನೂ ಹೇಳಲಿಲ್ಲ.

ಮಾನಸ ಅವನಿಂದ ಕಾವಲಿನ ಕೆಲಸ ಬಿಡಿಸಿದಳು. ತನ್ನ ಪಂಪನ್ನು ಜೀಪಿಗೆ ಹಾಕಿಕೊಂಡಳು.

೧೩ ಸೆಪ್ಟೆಂಬರ್
ಮಳೆ ಇಲ್ಲ.

ದ್ಯಾವಯ್ಯ ಮೂರು ದಿನದಿಂದ ಬಂದಿಲ್ಲ. ಗೈರು.

೧೮ ಸೆಪ್ಟೆಂಬರ್
ಮಳೆ ೯೦ ಸೆಂಟ್ಸ್.

ಕೆಳಗಿನ ಮೂಲೆಗೆ ಹೋಗಿದ್ದೆ. ಆಗಸ್ಟ್ ಹದಿನೈದರಂದು ದ್ರಾವಣ ಮುಗಿದು ಬಿಟ್ಟಿದ್ದ ಜಾಗ, ನಾಲ್ಕು ಸಾಲು. ಅಲ್ಲಿ ಕಾಂಗ್ರೆಸ್ ಗಿಡಗಳು ನಿಂತಲ್ಲೇ ಕಪ್ಪಾಗಿ ಒರಗಿವೆ. ಎಣಿಸಿದೆ. ನೂರಕ್ಕೆ ೯೩ ಸತ್ತಿವೆ. ಹೂವಾಗುವ ಮೊದಲೇ ಸತ್ತಿವೆ, ಬೀಜವಿಲ್ಲ.

ಆ ನಾಲ್ಕು ಸಾಲಿನಲ್ಲಿ ಕಾಫಿ ಗಿಡ ೨೬. ಪ್ರತಿ ಎಲೆಯನ್ನೂ ಮಸೂರ ಇಟ್ಟು ನೋಡಿದೆ, ಬೆಳಗಿನಿಂದ ಊಟದ ಹೊತ್ತಿನವರೆಗೆ. ಹಳದಿ ತುಕ್ಕು ಒಂಬತ್ತು ಗಿಡಕ್ಕೆ. ಕಳೆಗೆ ಬಂದಿರುವ ಕಂದು ಚುಕ್ಕೆ ಒಂದಕ್ಕೂ ಇಲ್ಲ. ಆಮೇಲೆ ರಸ್ತೆ ದಾಟಿ ಹೋಗಿ, ಗುಂಡಯ್ಯನ ತೋಟದಲ್ಲಿ ಬೋರ್ಡೋ ತಾಗದ ಒಂದು ಗಿಡ ಹುಡುಕಿದೆ. ಅದಕ್ಕೂ ತುಕ್ಕು. ಅದೇ ಬಣ್ಣ, ಅದೇ ಪುಡಿ. ಒಂದು ಪಟ್ಟು ಗಾಢ ಎಂದು ನಾನು ಬರೆದದ್ದು ತಪ್ಪು. ಅಲ್ಲಿಗೆ ಯಾವ ಬಾಟಲಿಯೂ ಹೋಗಿರಲಿಲ್ಲ.

ಗುಂಡಯ್ಯ ನೋಡಿದ. "ನನ್ ತೋಟದಲ್ಲೇನ್ ಮಾರಾಯ ಕಳ್ದೋಗಿರಾದು?"

ಮಸೂರ ಜೇಬಿಗೆ ಹಾಕಿಕೊಂಡು ರಸ್ತೆ ದಾಟಿ ವಾಪಸು ಬಂದೆ.

೧೯ ಸೆಪ್ಟೆಂಬರ್
ಮಳೆ ೩೦ ಸೆಂಟ್ಸ್.

ಸಂಗತಿಗಳು ಹೀಗಿವೆ. ಬೂಷ್ಟು ಹೇಳಿದ ಕೆಲಸ ಮಾಡಿತ್ತು. ಹುಡುಗಿ ಹೇಳಿದ್ದರಲ್ಲಿ ಈವರೆಗೆ ಒಂದು ಸುಳ್ಳೂ ಸಿಕ್ಕಿಲ್ಲ. ಗುಂಡಯ್ಯ ಬಾಯಿಬಡುಕ, ಆದರೆ ಏನೂ ಮಾಡಿಲ್ಲ. ದ್ಯಾವಯ್ಯ ಏನೂ ಮಾಡಿಲ್ಲ.

ಊಟಕ್ಕೆ ಬಡಿಸುತ್ತಾ ಚಿನ್ನಮ್ಮ ಕೇಳಿದಳು. "ದ್ಯಾವಯ್ಯ ಬರ್ಲಿಲ್ವಾ ಇವತ್ತೂ?"

"ಇಲ್ಲ."

"ಬರಲ್ಲ. ನೀವ್ ಹೋಗೋವರ್ಗೂ ಬರಲ್ಲ."

"ನಾನ್ಯಾಕೆ ಹೋಗ್ಲಿ?"

"ಆಗಸ್ಟ್ ಹದಿನೈದ್ರ ಅಂಗಿ ಒಗ್ದೋಳು ನಾನು. ಮೈಲುತುತ್ತದ ನೀಲಿ ಹೋಗ್ಲಿ ಅಂತ ಮೂರ್ ಸಲ ಉಜ್ಜಿದೀನಿ, ಈ ಕೈಯಲ್ಲಿ."

ಒಂದು ತಿಂಗಳಿಂದ ಗೊತ್ತಿದ್ದೂ ಇವಳು ಸುಮ್ಮನಿದ್ದಳು. ಯಾಕೆಂದು ಕೇಳಿದೆ. "ನೀವೇ ಹೇಳ್ತೀರಿ ಅಂದ್ಕಂಡಿದ್ದೆ" ಎಂದು ಸಾರು ತರಲು ಒಳಗೆ ಹೋದಳು.

೨೨ ಸೆಪ್ಟೆಂಬರ್
ಮಳೆ ಅಳೆಯಲಿಲ್ಲ.

ಪ್ಲಾಟಿನ ಗೂಟಗಳನ್ನು ಕಿತ್ತುಕೊಂಡು ಹೋಗಲು ಮಾನಸ ಬಂದಳು. ಅವಳು ಮೊದಲನೇ ಗೂಟಕ್ಕೆ ಕೈಹಾಕುವ ಮೊದಲು ಹೇಳಿದೆ.

"ಬೋರ್ಡೋ ಹೊಡೆದದ್ದು ನಾನು. ಆಗಸ್ಟ್ ಹದಿನೈದು, ಬೆಳಿಗ್ಗೆ ಎಂಟರಿಂದ ಹನ್ನೊಂದೂವರೆ. ಶೇಕಡಾ ಒಂದರ ದ್ರಾವಣ, ನೂರು ಲೀಟರ್. ಕೆಳಗಿನ ನಾಲ್ಕು ಸಾಲಿಗೆ ಬಿದ್ದಿಲ್ಲ."

ಗೂಟದ ಕಡೆ ಬಗ್ಗಿದವಳು ನೆಟ್ಟಗಾದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಸುಲಭವಿತ್ತು.

"ಯಾಕೆ ಸರ್?"

"ನಿನ್ನ ಬೂಷ್ಟು ಕಾಫಿಗೆ ಬಂತು ಅನ್ನಿಸಿತು."

"ಅನ್ಸಿದ್ರೆ ಕೇಳ್ಬೋದಿತ್ತಲ್ಲ."

"ಫೋನ್ ಮಾಡಿದ್ದೆ."

"ಒಂದ್ಸಲ." ಅವಳು ನನ್ನ ಕಡೆ ತಿರುಗಿದಳು. "ನಾನು ಆ ಮನುಷ್ಯನ್ನ ನಿಮ್ಮ ಮುಂದೆ, ಗುಂಡಯ್ಯನವರ ಮುಂದೆ, ಕಳ್ಳನ ಹಾಗೆ ನಿಲ್ಸಿ ಕೇಳ್ದೆ. ನೀವು ಅಲ್ಲೇ ಕೂತಿದ್ರಿ. ಕಾಫಿ ಕುಡೀತಾ ಇದ್ರಿ."

ಹೌದು. ಕಾಫಿ ಕುಡಿಯುತ್ತಿದ್ದೆ.

ಕೆಳಗಿನ ಮೂಲೆಗೆ ಕರೆದುಕೊಂಡು ಹೋದೆ. ನನ್ನ ಎಣಿಕೆ ತೋರಿಸಿದೆ. ಅವಳು ಅದನ್ನು ನಂಬದೆ ತಾನೇ ಮತ್ತೆ ಎಣಿಸಿದಳು. ೯೩ ಬರಲಿಲ್ಲ, ೯೧ ಬಂತು. ಅವಳದೇ ಸರಿ ಇರಬೇಕು. ನಾಲ್ಕು ಸಾಲನ್ನು ಪ್ರಯೋಗವೆಂದು ಲೆಕ್ಕಕ್ಕೆ ಹಿಡಿಯಲು ಆಗುವುದಿಲ್ಲವಂತೆ. ಆದರೂ ಸತ್ತ ಗಿಡಗಳಿಂದ ಬೂಷ್ಟು ಕೆರೆದು ಬಾಟಲಿಗೆ ತುಂಬಿಕೊಂಡಳು. ಗೂಟ ಕೀಳಲಿಲ್ಲ. ಯೋಜನೆಯನ್ನು ಇನ್ನೊಂದು ವರ್ಷ ಮುಂದುವರಿಸಲು ಬರೆದು ಕೇಳುತ್ತೇನೆ, ನಡೆದದ್ದನ್ನೆಲ್ಲ ಬರೆಯಬೇಕಾಗುತ್ತದೆ, ನಿಮ್ಮ ಹೆಸರೂ ಬರುತ್ತದೆ ಎಂದಳು. ಬರೆಯಿರಿ ಎಂದೆ.

"ದ್ಯಾವಯ್ಯನ ಹತ್ರ ನಾನು ಹೋಗ್ಬೇಕು ಸರ್. ಕೆಲ್ಸ ಬಿಡ್ಸಿದ್ದು ನಾನು."

"ಮೊದಲು ನಾನು ಹೋಗ್ತೀನಿ ಮಾನಸಮ್ಮ. ನೀವು ನಾಳೆ ಹೋಗಿ."

೨೩ ಸೆಪ್ಟೆಂಬರ್

ನಿನ್ನೆ ಸಂಜೆ ದ್ಯಾವಯ್ಯನ ಮನೆಗೆ ಹೋಗಿದ್ದೆ. ಇಷ್ಟು ವರ್ಷದಲ್ಲಿ ಮೊದಲ ಸಲ. ಬಾಗಿಲ ಮುಂದೆ ಕೂತು ಬಿದಿರು ಸೀಳುತ್ತಿದ್ದ. ಅವನ ಹೆಂಡತಿ ಕೆಂಚಮ್ಮ ನನ್ನನ್ನು ಕಂಡು ಒಳಗೆ ಹೋದಳು. ಕೂರಿ ಎನ್ನಲಿಲ್ಲ.

ನಿಂತೇ ಹೇಳಿದೆ. ಅವನು ಬಿದಿರು ಸೀಳುವುದನ್ನು ನಿಲ್ಲಿಸಲಿಲ್ಲ.

"ನಿಮ್ ಪಂಪು ತೊಳ್ದಿತ್ತು ರೈಟ್ರೇ. ನೀವ್ ಯಾವತ್ತು ಪಂಪು ತೊಳ್ದಿದ್ರಿ? ಪ್ಯಾಟೆಯಿಂದ ಬಂದು ಅದುನ್ ನೋಡ್ದಾಗ್ಲೇ ನಂಗೆ ಗೊತ್ತಾಗೋಯ್ತು."

"ಮತ್ತೆ ಆವತ್ತು ಯಾಕೆ ಹೇಳಲಿಲ್ಲ?"

"ನಾನ್ ಹೇಳಿ, ನೀವ್ ಇಲ್ಲ ಅಂದಿದ್ರೆ? ಆಯವ್ವ ಯಾರ್ ಮಾತ್ ನಂಬೋರು?" ಕತ್ತಿ ಕೆಳಗಿಟ್ಟ. "ಎಸ್ಟೇಟ್ನಾಗೆ ನನ್ ಹೆಸ್ರಿನ್ ಮುಂದೆ ಗೈರು ಅಂತ ಎಷ್ಟ್ ಸಲ ಬರ್ದ್ರಿ. ಯಾಕ್ಲಾ ಬರ್ನಿಲ್ಲ ಅಂತ ಒಂದ್ ಸಲಾನಾದ್ರೂ ಕೇಳಿದ್ರಾ?"

ಕೇಳಿರಲಿಲ್ಲ.

"ತಪ್ಪಾಯಿತು" ಎಂದೆ. ಅವನು ಮತ್ತೆ ಕತ್ತಿ ಎತ್ತಿಕೊಂಡ. ಬರುವಾಗ ಗುಂಡಯ್ಯನ ಮನೆ ಮುಂದೆ ನಿಂತು ಅವನಿಗೂ ಹೇಳಿದೆ. ನಾಲ್ಕು ಜನ ಕೂತಿದ್ದರು. ಗುಂಡಯ್ಯ ನಗುತ್ತಾನೆಂದು ಗೊತ್ತಿತ್ತು. ನಕ್ಕ.

೧ ಅಕ್ಟೋಬರ್
ಮಳೆ ೧೦ ಸೆಂಟ್ಸ್.

ದ್ಯಾವಯ್ಯ ಬಂದ. ನಾನಾಗಿ ಏನೂ ಕೇಳಲಿಲ್ಲ. ಒಂದು ವಾರ ಕೆಂಚಮ್ಮನಿಗೆ ಜ್ವರವಿತ್ತು ಎಂದು ಅವನೇ ಹೇಳಿದ. ಈಗ ಹೇಗಿದ್ದಾಳೆ ಎಂದು ಕೇಳಿದೆ.

೭ ಜೂನ್ ೨೦೦೪
ಮಳೆ ೮೦ ಸೆಂಟ್ಸ್.

ಇನ್ನೊಂದು ವರ್ಷ ಸಿಕ್ಕಿದೆ. ಸಂಜೆ ಮಾನಸಮ್ಮ ಎಂಟು ಬಾಟಲಿ ತಂದರು, ಕೆಳಗಿನ ಮೂಲೆಯಿಂದ ಕೆರೆದದ್ದನ್ನೇ ಬೆಳೆಸಿದ್ದು. ಕಾಗದದಲ್ಲಿ ಈ ಸಲ ಹೊಸ ಷರತ್ತು ಇದೆ. ಪ್ಲಾಟಿನೊಳಗೆ ಯಾರು ಹೋಗಬೇಕೆಂಬುದನ್ನು ತೀರ್ಮಾನಿಸುವವನು ದ್ಯಾವಯ್ಯ. ನನ್ನ ಹಳೇ ಪಂಪು, ಉಳಿದ ಮೈಲುತುತ್ತ ಎರಡೂ ಅವನ ಮನೆಯಲ್ಲಿ. ಈ ಸಲ ಒಂದೇ ಸಲ ಓದಿ ಸೈನ್ ಹಾಕಿದೆ.

ನಾನು ಬೇಲಿಯ ತಡಮೆ ದಾಟಿ ಪ್ಲಾಟಿನೊಳಗೆ ಹೋಗಹೊರಟಾಗ ದ್ಯಾವಯ್ಯ ಅಡ್ಡ ನಿಂತ.

"ಕೈ ತೋರ್ಸಿ ರೈಟ್ರೇ."

ತಮಾಷೆ ಎಂದುಕೊಂಡೆ. ಅವನು ನಗುತ್ತಿರಲಿಲ್ಲ. ಮಾನಸಮ್ಮ ಬೇರೆ ಕಡೆ ನೋಡುತ್ತಿದ್ದರು. ಬೇಲಿಯ ಆಚೆ ಗುಂಡಯ್ಯ ನಿಂತಿದ್ದ.

"ಅವನ ಕೈಯನ್ನೂ ನೋಡು" ಎಂದೆ.

"ಅವ್ರು ಒಳೀಕ್ ಬರಲ್ವಲ್ಲ. ಬರೋರು ನೀವು ತಾನೆ?"

ಅವನು ಹೇಳಿದ್ದು ಸರಿ. ಎಡಗೈ ತೋರಿಸಿದೆ, ಆಮೇಲೆ ಬಲಗೈ. ಉಗುರಿನ ಸಂದಿಯಲ್ಲಿ ನೀಲಿ ಇದೆಯೇ ಎಂದು ನೋಡಿದ, ಮೂಸಿದ, ಪಕ್ಕಕ್ಕೆ ಸರಿದ.